ಬೋನಸ್ ಗೆರೆ ಕಾಣಲಿಲ್ಲ ಅಂದರೆ ನಂಬಿ

ಫೈನಲ್ ಸೋತ ರಾತ್ರಿ ಹಳ್ಳಿಯಲ್ಲಿ ಮೊದಲು ಹುಟ್ಟುವ ಮಾತು ಒಂದೇ. ‘ಮಾರ್ಕೊಂಡ.’

ಅಷ್ಟು ಹೊತ್ತು ಹುಲಿಯ ಹಾಗೆ ಆಡಿದವನು ಕಡೇ ರೈಡಿನಲ್ಲಿ ಹೋಗಿ ಎಳೆ ಮಗುವಿನ ಹಾಗೆ ಸಿಕ್ಕಿಬಿದ್ದ ಅಂದರೆ ಎದುರಿನವರ ಹತ್ತಿರ ದುಡ್ಡು ಈಸ್ಕೊಂಡಿರಲೇಬೇಕು ಎಂದು ಅರಳಿಕಟ್ಟೆ ತೀರ್ಪು ಕೊಟ್ಟುಬಿಡುತ್ತದೆ. ಬೆಳಗಾಗುವುದರೊಳಗೆ ಆ ತೀರ್ಪು ವಾಟ್ಸಾಪ್ ಗುಂಪುಗಳಿಗೂ ಹೋಗಿರುತ್ತದೆ. ಯಾರ ಹತ್ತಿರ ಈಸ್ಕೊಂಡ, ಎಷ್ಟು, ಎಲ್ಲಿ ಅಂತ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ.

ನಾವು ಜಿಲ್ಲೆಯಲ್ಲಿ ಸುದ್ದಿಗೆ ಇಷ್ಟು ಅಂತ ಕೂಲಿ ಪಡೆಯುವವರು. ಡಿಪ್ಲೊಮಾ ಮುಗಿಸಿ ಹತ್ತು ವರ್ಷ ದಾಟಿತು. ಗಣೇಶ ಹಬ್ಬದಿಂದ ಶುರುವಾಗಿ ಯುಗಾದಿವರೆಗೂ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ಗಳ ಬ್ಯಾನರ್ ನೋಡಿಕೊಂಡೇ ಓಡಾಡುತ್ತೇವೆ. ಎಷ್ಟೋ ಫೈನಲ್‌ಗಳನ್ನು ಗೆರೆಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡಿದ್ದೇವೆ. ಆಟಗಾರನ ಮುಖ ಅಷ್ಟು ಹತ್ತಿರದಿಂದ ಕಾಣುವುದು ನಮಗೆ, ಅಂಪೈರಿಗೆ ಮತ್ತು ಎದುರಿನ ಏಳು ಜನಕ್ಕೆ ಮಾತ್ರ. ಆ ಜಾಗದಲ್ಲಿ ಕೂತವರಿಗೆ ‘ಮಾರ್ಕೊಂಡ’ ಅನ್ನುವ ಮಾತು ಅಷ್ಟು ಸಲೀಸಾಗಿ ಬರುವುದಿಲ್ಲ.

ಹೋದ ವರ್ಷದ ಒಂದು ಪಂದ್ಯ ಹೇಳುತ್ತೇವೆ. ಊರು, ಹೆಸರು ಬೇಡ. ಹುಡುಗ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವ ಕೆಲಸಕ್ಕೆ ಹೋಗುವವನು, ತಾಲ್ಲೂಕಿಗೇ ಒಳ್ಳೆಯ ರೈಡರ್. ಫೈನಲ್. ಸ್ಕೋರು 27–28, ಇವನ ತಂಡ ಒಂದು ಪಾಯಿಂಟ್ ಹಿಂದೆ, ಕಡೇ ರೈಡ್. ಎದುರು ಅಂಕಣದಲ್ಲಿ ಆರು ಜನ. ಆರು ಜನ ಇದ್ದರೆ ಬೋನಸ್ ತೆರೆದಿರುತ್ತದೆ ಅಂತ ಕಬಡ್ಡಿ ನೋಡುವ ನಿಮಗೆ ನಾವು ಹೇಳಬೇಕಿಲ್ಲ. ಒಂದು ಕಾಲು ಗೆರೆ ದಾಟಿಸಿ, ಇನ್ನೊಂದು ಕಾಲು ಗಾಳಿಯಲ್ಲಿಟ್ಟು, ಹಿಂದಕ್ಕೆ ಬಂದರೆ ಸಾಕು. ಪಂದ್ಯ ಸಮ. ಆಮೇಲೆ ಐದೈದು ರೈಡ್. ಆವತ್ತು ಅದೇ ಹುಡುಗ ಅದಕ್ಕೆ ಮುಂಚೆ ನಾಲ್ಕು ಬೋನಸ್ ತೆಗೆದಿದ್ದ.

ಅವನು ಬೋನಸ್ ಕಡೆ ತಿರುಗಿಯೂ ನೋಡಲಿಲ್ಲ. ಎಡಗಡೆ ಮೂಲೆಯವನ ಕಾಲು ಮುಟ್ಟಲು ಹೋದ. ಆ ಮೂಲೆಯವನು ತಾಲ್ಲೂಕಿನಲ್ಲೇ ಗಟ್ಟಿ ಹಿಡಿತದ ಆಸಾಮಿ. ಕಣಕಾಲು ಹಿಡಿದ, ಉಳಿದ ಐದು ಜನ ಮೇಲೆ ಬಿದ್ದರು. ಮೈಕಿನವನು ‘ಅಯ್ಯಯ್ಯೋ ಏನ್ಮಾಡ್ಬುಟ್ಟೆ ತಮ್ಮಾ’ ಅಂದ. ಆ ಒಂದು ಮಾತು ಸುತ್ತಲ ಮೂರು ಊರಿಗೆ ಕೇಳಿತು.

ಹದಿನೈದು ದಿನ ಬಿಟ್ಟು ನಾವು ಆಲೆಮನೆಗೆ ಹೋಗಿ ಅವನನ್ನು ಕೇಳಿದೆವು. ಮೊದಲು ಮಾತೇ ಆಡಲಿಲ್ಲ. ಬೆಲ್ಲದ ಅಚ್ಚು ಕವುಚುತ್ತಾ ಇದ್ದ. ಆಮೇಲೆ ಹೇಳಿದ: ‘ಗೆರೆ ಕಾಣ್ಲೇ ಇಲ್ಲ ಕಣಣ್ಣ. ಸುಣ್ಣದ ಗೆರೆ, ಅಷ್ಟು ಬೆಳ್ಳಗೆ ಹಾಕವ್ರೆ, ಕಾಣ್ಲೇ ಇಲ್ಲ. ಅವನ ಕಾಲೊಂದೇ ಕಾಣ್ತಿತ್ತು. ನಾನು ಇದನ್ನ ಯಾರ್ಗೇಳ್ಲಿ? ಯೋಳುದ್ರೆ ನಗ್ತಾರೆ.’

ನಾವು ನಗಲಿಲ್ಲ. ಈ ಮಾತಿಗೆ ವಿಜ್ಞಾನದಲ್ಲಿ ಸಾಕ್ಷಿ ಇದೆ.

ಭಯವಾದಾಗ, ಅಥವಾ ಏನೋ ದೊಡ್ಡದು ಕೈತಪ್ಪುತ್ತದೆ ಅನ್ನಿಸಿದಾಗ, ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಎರಡು ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ. ಎದೆ ಹೊಡೆದುಕೊಳ್ಳುತ್ತದೆ, ಉಸಿರು ಮೇಲೆ ಮೇಲೆ ಬರುತ್ತದೆ, ರಕ್ತ ದೊಡ್ಡ ಸ್ನಾಯುಗಳ ಕಡೆ ನುಗ್ಗುತ್ತದೆ. ಹಾವು ಕಂಡಾಗ ಎಗರಿ ಓಡಲು ದೇಹ ಮಾಡಿಕೊಂಡಿರುವ ಏರ್ಪಾಡು ಇದು. ಓಡುವುದಕ್ಕೆ ಬಹಳ ಒಳ್ಳೆಯದು. ಆದರೆ ಅದರ ಜೊತೆಗೇ ಗಮನ ಸಣ್ಣಗಾಗುತ್ತದೆ. ಹಾವು ಕಂಡವನಿಗೆ ಹಾವು ಬಿಟ್ಟು ಬೇರೇನೂ ಕಾಣುವುದಿಲ್ಲ. ಪಕ್ಕದಲ್ಲಿ ದೊಣ್ಣೆ ಬಿದ್ದಿದ್ದರೂ ಕಾಣುವುದಿಲ್ಲ. ಕಣ್ಣಿನ ದೋಷವಲ್ಲ, ಕಣ್ಣು ತಂದುಕೊಟ್ಟದ್ದರಲ್ಲಿ ಮಿದುಳು ಒಂದನ್ನೇ ಇಟ್ಟುಕೊಂಡು ಉಳಿದದ್ದನ್ನು ಬಿಸಾಡುತ್ತದೆ.

ನೆದರ್ಲೆಂಡ್ಸಿನ ಸಂಶೋಧಕರು ಇದನ್ನು ಒಂದು ಗೋಡೆಯ ಮೇಲೆ ತೋರಿಸಿದ್ದಾರೆ. ಹತ್ತುವುದಕ್ಕೆ ಹಿಡಿಕೆಗಳನ್ನು ಹೊಡೆದ ಗೋಡೆ. ಒಂದೇ ಥರದ ಹಿಡಿಕೆಗಳ ಎರಡು ದಾರಿ: ಒಂದು ನೆಲದ ಹತ್ತಿರ, ಇನ್ನೊಂದು ಎತ್ತರದಲ್ಲಿ. ಕೆಳಗೆ ಹೋಗುವಾಗ ಭಯವಿಲ್ಲ, ಮೇಲೆ ಭಯ. ಅಷ್ಟೇ ವ್ಯತ್ಯಾಸ. ಎತ್ತರದಲ್ಲಿದ್ದಾಗ ಅದೇ ಜನ ತಮ್ಮ ಕೈ ಎಷ್ಟು ದೂರ ಎಟಕುತ್ತದೆ ಎಂದು ಅಂದಾಜು ಮಾಡಿದ್ದು ಕಡಿಮೆಯಾಯಿತು. ನಿಜಕ್ಕೂ ಚಾಚಿದ್ದೂ ಕಡಿಮೆಯೇ. ಸುತ್ತ ಗೋಡೆಯ ಮೇಲೆ ಸಣ್ಣ ಬೆಳಕಿನ ಚುಕ್ಕಿಗಳನ್ನು ಬಿಟ್ಟರೆ ಎತ್ತರದಲ್ಲಿದ್ದಾಗ ಅವರಿಗೆ ಕಂಡದ್ದು ಕೆಲವೇ. 2006ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಅದನ್ನು ಓದಿದಾಗ ನಮಗೆ ಆಲೆಮನೆ ಹುಡುಗನ ಸುಣ್ಣದ ಗೆರೆಯೇ ಕಣ್ಣ ಮುಂದೆ ಬಂತು. ತನ್ನ ಕೈ ಎಷ್ಟುದ್ದ ಅನ್ನುವುದೇ ಭಯದಲ್ಲಿ ಬದಲಾಗುತ್ತದೆ ಅಂದಮೇಲೆ, ಗೆರೆ ಕಾಣದಿರುವುದು ಯಾವ ದೊಡ್ಡ ವಿಷಯ?

ದೊಡ್ಡವರಿಗೂ ಹೀಗಾಗುತ್ತದೆ. ಕ್ರಿಕೆಟ್ ನೋಡುವ ಹಿರಿಯರಿಗೆ 1999ರ ವಿಶ್ವಕಪ್ ಸೆಮಿಫೈನಲ್ ನೆನಪಿರಬೇಕು. ಇಂಗ್ಲೆಂಡಿನ ಎಜ್‌ಬಾಸ್ಟನ್, ಆಸ್ಟ್ರೇಲಿಯಾ ಎದುರು ದಕ್ಷಿಣ ಆಫ್ರಿಕಾ. ಕಡೇ ಓವರಿನ ಮೊದಲ ಎರಡು ಚೆಂಡನ್ನು ಲ್ಯಾನ್ಸ್ ಕ್ಲೂಸ್ನರ್ ಬೌಂಡರಿಗೆ ಅಟ್ಟಿ ಸ್ಕೋರು ಸಮ ಮಾಡಿದ್ದರು. ಬೇಕಿದ್ದದ್ದು ನಾಲ್ಕು ಚೆಂಡಿನಲ್ಲಿ ಒಂದು ರನ್. ಕೈಯಲ್ಲಿ ಒಂದೇ ವಿಕೆಟ್. ಮೂರನೇ ಚೆಂಡಿಗೆ ಇನ್ನೊಂದು ತುದಿಯ ಅಲನ್ ಡೊನಾಲ್ಡ್ ಮುಂದೆ ಬಂದುಬಿಟ್ಟು ಕೂದಲೆಳೆಯಲ್ಲಿ ರನೌಟ್ ತಪ್ಪಿಸಿಕೊಂಡರು. ನಾಲ್ಕನೇ ಚೆಂಡಿಗೆ ಕ್ಲೂಸ್ನರ್ ಓಡಿಬಂದರು. ಡೊನಾಲ್ಡ್ ಓಡಲಿಲ್ಲ, ಚೆಂಡನ್ನೇ ನೋಡುತ್ತಾ ನಿಂತರು. ಕ್ಲೂಸ್ನರ್ ಪಕ್ಕಕ್ಕೆ ಬಂದ ಮೇಲೆ ಹೊರಟರು, ಅಷ್ಟರಲ್ಲಿ ಬ್ಯಾಟೂ ಕೈಯಿಂದ ಬಿತ್ತು. ರನೌಟ್. ಪಂದ್ಯ ಟೈ, ಫೈನಲಿಗೆ ಆಸ್ಟ್ರೇಲಿಯಾ. ಇನ್ನೂ ಎರಡು ಚೆಂಡು ಬಾಕಿ ಇದ್ದವು! ಒಬ್ಬರಿಗೆ ರನ್ ಬಿಟ್ಟು ಬೇರೇನೂ ಕಾಣಲಿಲ್ಲ, ಇನ್ನೊಬ್ಬರಿಗೆ ಚೆಂಡು ಬಿಟ್ಟು ಬೇರೇನೂ ಕಾಣಲಿಲ್ಲ. ಹೀಗಂತ ನಾವು ಅರ್ಥ ಮಾಡಿಕೊಂಡಿದ್ದೇವೆ. ಡೊನಾಲ್ಡ್ ಮಾರಿಕೊಂಡರು ಅಂತ ನಮ್ಮೂರಲ್ಲಿ ಯಾರೂ ಹೇಳಿದ್ದು ನಾವು ಕೇಳಿಲ್ಲ. ಮಾರಿಕೊಳ್ಳುವವರು ನಮ್ಮ ಕೇರಿಯ ಹುಡುಗರು ಮಾತ್ರ.

ಇದಕ್ಕೆ ಉಲ್ಟಾ ನಡೆದದ್ದೂ ಉಂಟು, ಅದೂ ನಮ್ಮವರಿಂದಲೇ. 1996ರ ಅಕ್ಟೋಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ, ಟೈಟನ್ ಕಪ್, ಎದುರಾಳಿ ಮತ್ತೆ ಆಸ್ಟ್ರೇಲಿಯಾ. ಗುರಿ 216. ಸಚಿನ್ 88ಕ್ಕೆ ಔಟಾದಾಗ 8 ವಿಕೆಟಿಗೆ 164. ಜನ ಎದ್ದು ಹೊರಟಿದ್ದರು. ಜಾವಗಲ್ ಶ್ರೀನಾಥ್, ಅನಿಲ್ ಕುಂಬ್ಳೆ ಇಬ್ಬರೂ ಬೌಲರ್‌ಗಳು, ಮುರಿಯದ 52 ರನ್ನಿನ ಜೊತೆಯಾಟ ಆಡಿ ಪಂದ್ಯ ಗೆದ್ದುಕೊಟ್ಟರು. ಆಗ ನಾವು ಚಿಕ್ಕವರು, ಊರಿಗೆ ಒಂದೆರಡೇ ಟಿ.ವಿ. ಈ ಇಬ್ಬರಿಗೆ ಒತ್ತಡ ಇರಲಿಲ್ಲವೇ ಅಂದರೆ ಇತ್ತು. ಆದರೆ ಬ್ಯಾಟಿಂಗಿನಲ್ಲಿ ಅವರಿಂದ ಯಾರೂ ಏನೂ ನಿರೀಕ್ಷಿಸಿರಲಿಲ್ಲ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ ಅಂತ ನಮಗನ್ನಿಸುತ್ತದೆ. ಗೆದ್ದೇ ಗೆಲ್ಲಬೇಕು ಅಂತ ಊರೆಲ್ಲ ಬೆನ್ನ ಮೇಲೆ ಕೂತಿದ್ದರೆ ಕತೆ ಬೇರೆ.

ಒತ್ತಡ ಪೂರ್ತಿ ಇರಬಾರದು ಅಂತ ಯಾರೂ ಹೇಳುವುದಿಲ್ಲ. ಅದು ಸ್ವಲ್ಪವೂ ಇಲ್ಲದ ಹುಡುಗ ಲೀಗ್ ಪಂದ್ಯದಲ್ಲಿ ನಿದ್ದೆ ಮಾಡುವುದನ್ನೂ ನೋಡಿದ್ದೇವೆ. ಉಪ್ಪಿನ ಹಾಗೆ ಅದು, ಅಷ್ಟು ಸಾಕು.

ಇನ್ನೊಂದು ಕಾಯಿಲೆ ಇದೆ, ಇದು ಅನುಭವಿಗಳಿಗೇ ಬರುವುದು. ತಲೆಯ ಮೇಲೆ ಎರಡು ಬಿಂದಿಗೆ ಇಟ್ಟುಕೊಂಡು ಕೆರೆ ಏರಿಯ ಮೇಲೆ ಮಾತಾಡುತ್ತಾ ಬರುವ ಹೆಂಗಸಿಗೆ ‘ಅಕ್ಕಾ, ಕಾಲು ಎಲ್ಲಿಡ್ತಿದ್ದೀಯ ನೋಡ್ಕೊಂಡು ನಡಿ’ ಅಂದು ನೋಡಿ. ಆಗ ತುಳುಕುತ್ತದೆ. ಅಮೆರಿಕದ ಸಂಶೋಧಕಿ ಸಯಾನ್ ಬೈಲಾಕ್ ಮತ್ತು ಜೊತೆಯವರು 2002ರಲ್ಲಿ ಫುಟ್‌ಬಾಲ್ ಆಟಗಾರರ ಮೇಲೆ ಹೀಗೇ ಮಾಡಿದರು. ಚೆಂಡು ತಳ್ಳಿಕೊಂಡು ಓಡುವಾಗ ಪಾದದ ಯಾವ ಬದಿ ಚೆಂಡಿಗೆ ತಾಕುತ್ತಿದೆ ಅಂತ ಗಮನಿಸಲು ಹೇಳಿದರು. ಹೊಸಬರಿಗೆ ಅದರಿಂದ ಅನುಕೂಲವಾಯಿತು. ಪಳಗಿದವರು ನಿಧಾನವಾದರು. ಕೈಕಾಲು ತಾನಾಗಿ ಮಾಡುತ್ತಿದ್ದ ಕೆಲಸಕ್ಕೆ ತಲೆ ಮೇಸ್ತ್ರಿಯಾಗಿ ನಿಂತರೆ ಕೆಲಸ ಕೆಡುತ್ತದೆ. ಫೈನಲಿನ ಕಡೇ ನಿಮಿಷದಲ್ಲಿ ನಾವೆಲ್ಲ ಸೇರಿ ಮಾಡುವುದು ಅದನ್ನೇ. ‘ಕಾಲು ನೋಡ್ಕೋ’, ‘ಕೈ ಹಾಕು’, ‘ಮೂಲೆ, ಮೂಲೆ!’ ಮೈಕಿನವನೂ, ಮ್ಯಾನೇಜರೂ, ಟ್ರಾಕ್ಟರ್ ಮೇಲೆ ನಿಂತವರೂ.

ಸುಮ್ಮನಿರುವುದು ಒತ್ತಡದಲ್ಲಿ ಬಹಳ ಕಷ್ಟದ ಕೆಲಸ. ಇಸ್ರೇಲಿನ ಸಂಶೋಧಕರು 286 ಪೆನಾಲ್ಟಿ ಒದೆತಗಳನ್ನು ಲೆಕ್ಕ ಹಾಕಿ 2007ರಲ್ಲಿ ಒಂದು ವಿಷಯ ಬರೆದರು. ನೂರಕ್ಕೆ ಸುಮಾರು 29 ಒದೆತ ಗೋಲಿನ ಮಧ್ಯಕ್ಕೇ ಬರುತ್ತವೆ. ಆದರೆ ಗೋಲಿ ಮಧ್ಯದಲ್ಲೇ ನಿಲ್ಲುವುದು ನೂರಕ್ಕೆ ಆರು ಸಲ ಮಾತ್ರ. ನಿಂತರೆ ತಡೆಯುವ ಸಾಧ್ಯತೆ ಹೆಚ್ಚು ಅಂತ ಅವರ ಲೆಕ್ಕವೇ ಹೇಳುತ್ತದೆ. ಆದರೂ ಎಡಕ್ಕೋ ಬಲಕ್ಕೋ ಹಾರುತ್ತಾರೆ. ಯಾಕೆ? ಹಾರಿ ತಪ್ಪಿದರೆ ‘ಪಾಪ, ಪ್ರಯತ್ನಪಟ್ಟ’. ನಿಂತು ತಪ್ಪಿದರೆ ‘ಗೂಟದ ಹಾಗೆ ನಿಂತಿದ್ದ ನೋಡು’. ಬಯ್ಯುವ ಜನಕ್ಕೆ ಹೆದರಿ ಹಾರುವುದು ಅದು.

ಕಬಡ್ಡಿಯಲ್ಲಿ ಇದರ ದೊಡ್ಡ ಉದಾಹರಣೆ 2023ರ ಅಕ್ಟೋಬರ್ 7ರಂದು ಚೀನಾದ ಹಾಂಗ್‌ಝೌನಲ್ಲಿ ನಡೆಯಿತು. ಏಷ್ಯನ್ ಗೇಮ್ಸ್ ಪುರುಷರ ಫೈನಲ್, ಭಾರತ ಮತ್ತು ಇರಾನ್. 28–28. ಉಳಿದದ್ದು ಒಂದು ನಿಮಿಷ ಚಿಲ್ಲರೆ. ಪವನ್ ಸೆಹ್ರಾವತ್ ಮಾಡು ಇಲ್ಲವೇ ಮಡಿ ರೈಡಿಗೆ ಹೋದರು. 2019ರ ಜನವರಿಯ ಪ್ರೊ ಕಬಡ್ಡಿ ಫೈನಲಿನಲ್ಲಿ ಒಬ್ಬರೇ 22 ಪಾಯಿಂಟ್ ತಂದು ಬೆಂಗಳೂರು ಬುಲ್ಸ್‌ಗೆ ಕಪ್ ಕೊಡಿಸಿದ ಅದೇ ಪವನ್. ಅವರು ಯಾರನ್ನೂ ಮುಟ್ಟದೆ ಲಾಬಿಗೆ, ಅಂದರೆ ಅಂಕಣದ ಅಂಚಿನ 1 ಮೀಟರ್ ಪಟ್ಟಿಗೆ, ಕಾಲಿಟ್ಟುಬಿಟ್ಟರು. ಮುಟ್ಟದೆ ಅಲ್ಲಿಗೆ ಹೋದರೆ ರೈಡರ್ ಔಟ್. ಅಲ್ಲಿಗೆ ಮುಗಿಯಬೇಕಿತ್ತು. ಇರಾನಿನ ಆಟಗಾರರು ಸುಮ್ಮನೆ ನಿಂತಿದ್ದರೆ ಪಾಯಿಂಟ್ ಅವರದು. ಆದರೆ ಅವರೂ ಹಿಡಿಯಲು ಹಿಂದೆಯೇ ಲಾಬಿಗೆ ನುಗ್ಗಿದರು. ಹಳೇ ನಿಯಮವೋ ಹೊಸ ನಿಯಮವೋ ಎಂದು ಅಲ್ಲಿಂದ ಜಗಳ. ಹೊಸದಾದರೆ ಪವನ್ ಒಬ್ಬರೇ ಔಟ್, ಹಳೆಯದಾದರೆ ಹಿಂದೆ ಬಂದವರೂ ಔಟ್. ಆಟಗಾರರು ಅಂಕಣದಲ್ಲೇ ಕೂತರು, ಸುಮಾರು ಒಂದು ತಾಸು ಪಂದ್ಯ ನಿಂತಿತು. ಕೊನೆಗೆ ಭಾರತಕ್ಕೆ 3, ಇರಾನಿಗೆ 1 ಪಾಯಿಂಟ್ ಕೊಟ್ಟರು. 33–29ರಲ್ಲಿ ಚಿನ್ನ ಬಂತು.

ತೀರ್ಪು ಸರಿಯೋ ತಪ್ಪೋ ಎಂಬ ವಾದ ಇನ್ನೂ ಮುಗಿದಿಲ್ಲ, ನಮಗೆ ಅದು ಬೇಡ. ನಾವು ನೋಡುವುದು ಅದಕ್ಕೆ ಮುಂಚಿನ ಒಂದು ಕ್ಷಣ. ಏಷ್ಯಾದ ಅತಿ ಒಳ್ಳೆಯ ರೈಡರ್‌ಗೆ ಗೆರೆ ತಪ್ಪಿತು, ಏಷ್ಯಾದ ಅತಿ ಒಳ್ಳೆಯ ಹಿಡಿತಗಾರರಿಗೂ ಗೆರೆ ತಪ್ಪಿತು. ಮ್ಯಾಟ್ ಮೇಲೆ, ಹಗಲಿನಂಥ ಬೆಳಕಿನಲ್ಲಿ, ಬಣ್ಣ ಬಣ್ಣದ ಪಟ್ಟಿ ಇದ್ದೂ. ಹ್ಯಾಲೊಜೆನ್ ಬಲ್ಬಿನ ಕೆಳಗೆ ಅರ್ಧ ಅಳಿಸಿದ ಸುಣ್ಣದ ಗೆರೆ ಕಾಣದ ಹುಡುಗನನ್ನು ಯಾವ ಬಾಯಲ್ಲಿ ಬಯ್ಯುತ್ತೀರಿ?

ಕೆಲವರು ಕೇಳಬಹುದು: ಹಳ್ಳಿ ಪಂದ್ಯಕ್ಕೆ ಅಷ್ಟು ಒತ್ತಡ ಎಲ್ಲಿಂದ ಬಂತು, ಬಹುಮಾನ 25 ಸಾವಿರ, ಒಂದು ಟ್ರೋಫಿ, ಒಂದು ಟಗರು ಅಷ್ಟೇ ತಾನೆ? ಹುಡುಗರ ಮನೆಗೆ ಹೋಗಿ ಬಂದವರಿಗೆ ಈ ಪ್ರಶ್ನೆ ಬರುವುದಿಲ್ಲ. ಚೆನ್ನಾಗಿ ಆಡಿದರೆ ಕ್ಲಬ್ಬಿನವರು ಕರೆಯುತ್ತಾರೆ, ಕ್ಲಬ್ಬಿನಿಂದ ಜಿಲ್ಲಾ ತಂಡ, ಜಿಲ್ಲೆಯಿಂದ ರಾಜ್ಯ, ಆಮೇಲೆ ಕ್ರೀಡಾ ಕೋಟಾದಲ್ಲಿ ಪೊಲೀಸೋ ರೈಲ್ವೆಯೋ ಒಂದು ಕೆಲಸ. ಕಾರ್ಕಳ ಕಡೆಯ ರೈತ ಕುಟುಂಬದ ಮಮತಾ ಪೂಜಾರಿ ಕಬಡ್ಡಿಯಿಂದಲೇ ರೈಲ್ವೆ ಸೇರಿದರು, ಭಾರತ ತಂಡ ನಡೆಸಿದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಇಂಥ ಒಂದು ಹೆಸರು ಸಾಕು, ನೂರು ಮನೆಯಲ್ಲಿ ಆಸೆ ಹುಟ್ಟುತ್ತದೆ. ಆಸೆ ಒಳ್ಳೆಯದೇ. ಆದರೆ ಮೂವತ್ತು ಸೆಕೆಂಡಿನ ರೈಡಿನಲ್ಲಿ ಅಕ್ಕನ ಮದುವೆ ಸಾಲ, ಅಪ್ಪನ ಬೋರ್‌ವೆಲ್ ಸಾಲ ಎರಡನ್ನೂ ಹೊತ್ತುಕೊಂಡು ಓಡುವವನಿಗೂ, ಬರೀ ಕೈಯಲ್ಲಿ ಓಡುವವನಿಗೂ ತೂಕ ಒಂದೇ ಅಲ್ಲ. ಆ ರಾತ್ರಿ ಜಿಲ್ಲಾ ತಂಡದ ಆಯ್ಕೆಯವರು ಬಂದಿದ್ದಾರೆ ಅಂತ ಪಂದ್ಯಕ್ಕೆ ಮುಂಚೆ ಯಾರೋ ಆಲೆಮನೆ ಹುಡುಗನ ಕಿವಿಯಲ್ಲಿ ಹೇಳಿದ್ದರಂತೆ. ಅವರು ಬಂದಿರಲೇ ಇಲ್ಲ.

ಅದೇ ರಾತ್ರಿ ನಾವು ಕಳಿಸಿದ ವರದಿಯಲ್ಲಿ ಗೆದ್ದ ತಂಡದ ಮೂಲೆ ಆಟಗಾರನ ಹಿಡಿತದ ಬಗ್ಗೆ ನಾಲ್ಕು ಸಾಲಿತ್ತು. ಡೆಸ್ಕಿನಲ್ಲಿ ಯಾರೋ ಅದನ್ನು ಕತ್ತರಿಸಿ ‘ಕೊನೇ ಕ್ಷಣದ ಎಡವಟ್ಟು: ಕೈತಪ್ಪಿದ ಕಪ್’ ಎಂದು ಶೀರ್ಷಿಕೆ ಕೊಟ್ಟರು. ಒಳ್ಳೆಯ ಹಿಡಿತಕ್ಕೆ ಸಿಕ್ಕಿದ್ದು ಎಡವಟ್ಟಾಯಿತು. ಆ ತುಣುಕಿನ ಫೋಟೊ ತೆಗೆದು ಊರಿನ ಗುಂಪಿನಲ್ಲಿ ಹಾಕಿದವರು ಕೆಳಗೆ ‘ಪೇಪರಲ್ಲೇ ಬಂದೈತೆ ನೋಡಿ’ ಅಂತ ಬರೆದರು. ಹುಡುಗ ಆ ಸೀಸನ್ ಪೂರ್ತಿ ಅಂಕಣಕ್ಕೆ ಇಳಿಯಲಿಲ್ಲ. ಅವನ ತಾಯಿ ಡೇರಿಗೆ ಹಾಲು ಹಾಕಲು ಹೋಗುವ ಹೊತ್ತು ಬದಲಾಯಿಸಿಕೊಂಡರು.

ಇದಕ್ಕೆ ಮದ್ದು ಇದೆಯೇ ಅಂತ ನಾವು ಸಿಕ್ಕವರನ್ನೆಲ್ಲ ಕೇಳುತ್ತಿರುತ್ತೇವೆ. ಧೈರ್ಯ ತಗೋ, ಟೆನ್ಷನ್ ಮಾಡ್ಕೋಬೇಡ ಅನ್ನುವುದು ಮದ್ದಲ್ಲ. ಟೆನ್ಷನ್ ಮಾಡ್ಕೋಬೇಡ ಅಂದ ತಕ್ಷಣ ಟೆನ್ಷನ್ ಬಿಟ್ಟವರನ್ನು ನಾವಂತೂ ನೋಡಿಲ್ಲ. ಗೋಡೆಯ ಪ್ರಯೋಗ ಮಾಡಿದರಲ್ಲ, ಆ ನೆದರ್ಲೆಂಡ್ಸಿನವರಲ್ಲೇ ಒಬ್ಬರು ಇನ್ನೊಂದು ಕೆಲಸ ಮಾಡಿದರು. ಗೋಡೆಯ ಮೇಲೆ ನೇತಾಡಿಕೊಂಡೇ ಗುರಿಗೆ ಸಣ್ಣ ಬಾಣ ಎಸೆಯುವ ಅಭ್ಯಾಸ ಕೊಟ್ಟರು. ಸ್ವಲ್ಪ ಭಯದಲ್ಲಿ ಅಭ್ಯಾಸ ಮಾಡಿದವರು, ಆಮೇಲೆ ಹೆಚ್ಚು ಭಯದಲ್ಲಿ ಎಸೆದಾಗಲೂ ಗುರಿ ಕೆಡಿಸಿಕೊಳ್ಳಲಿಲ್ಲ. ಭಯವಿಲ್ಲದೆ ಅಭ್ಯಾಸ ಮಾಡಿದವರ ಗುರಿ ಕೆಟ್ಟಿತು. ಭಯ ಹೋಗಿರಲಿಲ್ಲ, ಭಯದ ಜೊತೆ ಕೆಲಸ ಮಾಡುವುದು ರೂಢಿಯಾಗಿತ್ತು.

ಇದನ್ನು ಓದದೆಯೇ ಮಾಡುತ್ತಿರುವವರು ನಮ್ಮ ಪಕ್ಕದ ತಾಲ್ಲೂಕಿನ ಸರ್ಕಾರಿ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಹೆಣ್ಣುಮಕ್ಕಳ ತಂಡ ಅವರದು. ಸಂಜೆ ಅಭ್ಯಾಸದ ಕಡೇ ಅರ್ಧ ಗಂಟೆ ಶಾಲೆಯ ಮೈಕ್ ಸೆಟ್ ಹೊರಗೆ ತಂದು ಪೂರ್ತಿ ಜೋರು ಮಾಡುತ್ತಾರೆ. ಗಂಡುಹುಡುಗರನ್ನು ಸುತ್ತ ನಿಲ್ಲಿಸಿ ಕಿರುಚಲು ಬಿಡುತ್ತಾರೆ. ಬೋರ್ಡಿನ ಮೇಲೆ ಸ್ಕೋರು ಬರೆದು, ‘ಒಂದೇ ನಿಮಿಷ ಬಾಕಿ, ಸೋತವರು ಮೈದಾನ ಗುಡಿಸಬೇಕು’ ಎಂದು ಸೀಟಿ ಊದುತ್ತಾರೆ. ವಾರಕ್ಕೆ ಮೂರು ಸಲ. ಮೊದಮೊದಲು ಎರಡು ಮಕ್ಕಳು ಅತ್ತುಬಿಟ್ಟರಂತೆ. ಹೆತ್ತವರು ಬಂದು ಜಗಳ ಆಡಿದ್ದರಂತೆ.

ಅವರ ಇನ್ನೊಂದು ಕಟ್ಟಳೆ ನಮಗೆ ಬಹಳ ಹಿಡಿಸಿತು. ರೈಡಿಗೆ ಹೋಗುವ ಹುಡುಗಿ ನಡುಗೆರೆ ಮುಟ್ಟಿ, ಒಂದು ಸಲ ಉಸಿರು ಪೂರ್ತಿ ಹೊರಗೆ ಬಿಟ್ಟು, ಎದುರು ಎಷ್ಟು ಜನ ಇದ್ದಾರೆ ಅಂತ ಗಟ್ಟಿಯಾಗಿ ಹೇಳಲೇಬೇಕು. ಆರೋ ಏಳೋ ಅಂದರೆ ಬೋನಸ್ ಇದೆ. ಐದು, ನಾಲ್ಕು ಅಂದರೆ ಇಲ್ಲ. ಮೂರು ಅಥವಾ ಕಡಿಮೆ ಅಂದರೆ ಸಿಕ್ಕಿಬಿದ್ದರೆ ಎದುರಿನವರಿಗೆ ಎರಡು ಪಾಯಿಂಟ್, ಹುಷಾರು. ಏನು ಮಾಡಬೇಕು ಅನ್ನುವುದು ಆ ಎಣಿಕೆಯಲ್ಲೇ ತೀರ್ಮಾನವಾಗಿರುತ್ತದೆ, ಒಳಗೆ ಹೋದ ಮೇಲೆ ಯೋಚಿಸುವ ಕೆಲಸವಿಲ್ಲ. ‘ಒಳಕ್ಕೋದ್ಮೇಲೆ ತಲೆ ಕೆಲಸ ಮಾಡಕ್ಕಿಲ್ಲ ಸಾರ್, ಅದ್ಕೇ ಆಚೆನೇ ಮುಗಿಸ್ಕೊಂಡು ಹೋಗ್ಲಿ ಅಂತ’ ಅಂದರು ಮೇಷ್ಟ್ರು.

ಆಲೆಮನೆ ಹುಡುಗನ ವಿಷಯ ಅವರಿಗೆ ಹೇಳಿದೆವು. ಕಳಿಸಿಕೊಡಿ, ಮಕ್ಕಳಿಗೆ ರೈಡ್ ಹೇಳಿಕೊಡಲಿ ಅಂದರು. ಎರಡು ಸಲ ಫೋನ್ ಮಾಡಿದೆವು. ‘ನೋಡುವಾ ಕಣಣ್ಣ’ ಅಂದ. ಮೂರನೇ ಸಲ ಎತ್ತಲಿಲ್ಲ. ಆಲೆಮನೆ ಈಗ ಭರ್ತಿ ಕೆಲಸದಲ್ಲಿದೆ, ಸುಗ್ಗಿ ಮುಗಿದ ಮೇಲೆ ಮತ್ತೆ ಹೋಗಿ ಬರುತ್ತೇವೆ.

ನಾವು ಹೋದ ಸಂಜೆ ಮಕ್ಕಳ ಆಟ ನಡೆದಿತ್ತು. ಎಂಟನೇ ಕ್ಲಾಸಿನ ಒಬ್ಬಳು, ಕಡ್ಡಿಯಂತಹ ಹುಡುಗಿ, ಕಡೇ ರೈಡಿಗೆ ಹೋದಳು. ಅವಳ ತಂಡ ಒಂದು ಪಾಯಿಂಟ್ ಮುಂದೆ. ಸುತ್ತ ನಿಂತ ಗಂಡುಹುಡುಗರು ‘ಬೋನಸ್! ಬೋನಸ್!’ ಎಂದು ಬಾಯಿ ಬಡಿದುಕೊಳ್ಳುತ್ತಿದ್ದರು. ಮೈಕಿನಲ್ಲಿ ಮೇಷ್ಟ್ರೇ ‘ಬೋನಸ್ ತಗೋಮ್ಮಾ’ ಎಂದು ಬೇಕಂತಲೇ ಕೂಗಿದರು. ಅವಳು ಗೆರೆ ಮುಟ್ಟಿ ಉಸಿರು ಬಿಟ್ಟು ‘ಐದು’ ಅಂದಳು. ಒಳಗೆ ಹೋದಳು, ಬಾಕ್ ಲೈನ್ ದಾಟಿದಳು, ಯಾರ ಕೈಗೂ ಎಟಕದಷ್ಟು ದೂರದಲ್ಲಿ ಹೊತ್ತು ಕಳೆದು ಬರಿಗೈಯಲ್ಲಿ ವಾಪಸ್ ಬಂದಳು. ಹುಡುಗರು ಹೋ ಎಂದು ಅಣಕಿಸಿದರು. ಮೇಷ್ಟ್ರು ಮೈಕ್ ಆರಿಸಿ, ಸೋತ ಕಡೆಯವರ ಕೈಗೆ ಪೊರಕೆ ಕೊಟ್ಟರು.